ತಿದ್ದುವ ಕೈಗೊಂದು ಕಾವಲು

ಘಟ್ಟದ ಮೇಲಿನ ನಮ್ಮ ಮೂರು ತಾಲೂಕುಗಳಲ್ಲಿ, ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ, ಪರೀಕ್ಷೆ ಎಂದೊಡನೆ ನೆನಪಾಗುವುದು ಶಾಲೆಯಲ್ಲ, ಅಡಿಕೆ. ಬೆಳೆಗಾರನು ತನ್ನ ಫಸಲನ್ನು ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಬೇರೆಬೇರೆ ಮಾಡಿ ಶಿರಸಿಯ ಪೇಟೆಗೆ ತರುತ್ತಾನೆ. ವ್ಯಾಪಾರಿಯಾದರೋ ಮೇಲಿನ ಹೊಳಪಿಗೆ ಮರುಳಾಗುವವನಲ್ಲ. ನಡುವಿನಿಂದ ಒಂದು ಹಿಡಿ ತೆಗೆದು, ಒಂದೆರಡನ್ನು ಒಡೆದು ನೋಡಿ, ಆಮೇಲೆಯೇ ದರ ಹೇಳುತ್ತಾನೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ ಕಾಲದಿಂದ ತೂಕಕ್ಕೂ ದರಕ್ಕೂ ಒಂದು ಶಿಸ್ತು ಬಂದಿತಾದರೂ ಒಡೆದು ನೋಡುವ ಈ ಪದ್ಧತಿ ಹೋಗಲಿಲ್ಲ, ಹೋಗಬೇಕಾದುದೂ ಇಲ್ಲ.

ಇಂಥ ಪರೀಕ್ಷೆ ಬಲ್ಲ ನಾಡಿಗೆ ಈಗ ಇನ್ನೊಂದು ಪರೀಕ್ಷೆಯ ಹೆಸರು ಬಂದಿದೆ. ನಮ್ಮ ಕಾಲೇಜುಗಳಲ್ಲಿ ಓದಿದ ಹುಡುಗರು, ಹುಡುಗಿಯರು ಬೆಂಗಳೂರಿಗೆ ಹೋಗಿ ತಂತ್ರಾಂಶದ ಕೆಲಸ ಹಿಡಿಯುತ್ತಾರೆ. 2020ರ ಕೋವಿಡ್ ಕಾಲದಲ್ಲಿ ಊರಿಗೆ ಮರಳಿದವರಲ್ಲಿ ಕೆಲವರು ಮನೆಯ ಮೆತ್ತಿನ ಮೇಲೆ ಕುಳಿತೇ ಆ ಕೆಲಸ ಮಾಡಿದರು. ಮನೆಯವರು ಅದನ್ನು ಹತ್ತಿರದಿಂದ ಕಂಡದ್ದು ಆಗಲೇ. ‘ಆಟೊಮೇಟೆಡ್ ಟೆಸ್ಟಿಂಗ್’ ಎಂಬ ಮಾತು ಊಟದ ಪಂಕ್ತಿಯವರೆಗೆ ಬಂದದ್ದೂ ಆಗಲೇ. ಸಿದ್ದಾಪುರದ ಕಡೆಯ ಹಿರಿಯ ಬೆಳೆಗಾರರೊಬ್ಬರು ಒಮ್ಮೆ ನನ್ನನ್ನು ಕೇಳಿದರು: “ಮಾಸ್ತರ್ರೇ, ಮೊದಲೇ ಸರಿಯಾಗಿ ಬರದಿದ್ರೆ ಈ ಪರೀಕ್ಷೆ ಎಂತಕ್ಕೆ? ಒಮ್ಮೆ ಸರಿ ಅಂತ ನೋಡಿದ್ಮೇಲೆ ದಿನಾ ದಿನಾ ನೋಡೂದು ಎಂತಕ್ಕೆ?”

ಪ್ರಶ್ನೆ ಎರಡಾದರೂ ತಿರುಳು ಎರಡನೆಯದರಲ್ಲಿದೆ. ಮಾರಿದ ಅಡಿಕೆ ಮರಳಿ ಬರುವುದಿಲ್ಲ. ಅದನ್ನು ಒಮ್ಮೆ ಒಡೆದು ನೋಡಿದರೆ ಸಾಕು. ತಂತ್ರಾಂಶ ಹಾಗಲ್ಲ. ಅದು ಬಳಕೆಯಲ್ಲಿರುವಷ್ಟು ಕಾಲವೂ ಯಾರೋ ಒಬ್ಬರು ಅದನ್ನು ತಿದ್ದುತ್ತಲೇ ಇರುತ್ತಾರೆ. ಇಂದು ಬರೆದವನು ನಾಳೆ ಇರುವುದಿಲ್ಲ. ನಾಳೆ ತಿದ್ದುವವನಿಗೆ ಇಂದಿನವನ ಮನಸ್ಸು ತಿಳಿದಿರುವುದಿಲ್ಲ. ಈ ಅರ್ಥದಲ್ಲಿ ಅದಕ್ಕೆ ಹತ್ತಿರದ ನೆಂಟ ಅಡಿಕೆಯ ಚೀಲವಲ್ಲ, ತಾಳೆಗರಿಯ ಕಟ್ಟು. ಕನ್ನಡದ ಅಧ್ಯಾಪಕನಾದ ನಾನು ಈ ವಿಷಯಕ್ಕೆ ಕೈಹಾಕುವ ಧೈರ್ಯ ಮಾಡಿದುದು ಆ ನೆಂಟಸ್ತಿಕೆಯನ್ನು ನಂಬಿ.

ಪಂಪನು 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದನು. ನಮ್ಮ ಶಿರಸಿ ತಾಲೂಕಿನ ಬನವಾಸಿಯನ್ನು ಆತನು ಅದರಲ್ಲಿ ಎಷ್ಟು ಹಂಬಲಿಸಿ ನೆನೆದಿದ್ದಾನೆಂಬುದು ಕನ್ನಡಿಗರಿಗೆಲ್ಲ ಗೊತ್ತು. ಅದು ಮೊದಲು ಅಚ್ಚಾದದ್ದು ಬಿ. ಎಲ್. ರೈಸ್ ಅವರ ಕೈಯಿಂದ, 1898ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಆವೃತ್ತಿ ಬಂದುದು 1931ರಲ್ಲಿ. ನಡುವಿನ ಒಂಬತ್ತೂವರೆ ಶತಮಾನ ಕಾವ್ಯವು ಬದುಕಿದ್ದು ಲಿಪಿಕಾರರ ಕೈಯಲ್ಲಿ. ಒಬ್ಬನು ಕಂಡದ್ದನ್ನು ಇನ್ನೊಬ್ಬನು ನಕಲು ಮಾಡಬೇಕು. ನಿದ್ದೆಗಣ್ಣು, ಸವೆದ ಗರಿ, ಅರ್ಥವಾಗದ ಹಳೆಯ ಮಾತು, ಇವೆಲ್ಲ ಪ್ರತಿಯೊಂದು ನಕಲಿನಲ್ಲಿಯೂ ತಪ್ಪನ್ನು ಹೆತ್ತುವು. ಆದರೂ ಕಾವ್ಯ ಕಾವ್ಯವಾಗಿಯೇ ಉಳಿಯಿತು. ಇದಕ್ಕೆ ಒಂದು ಕಾರಣ ಛಂದಸ್ಸು.

ಕಂದಪದ್ಯವನ್ನು ತೆಗೆದುಕೊಳ್ಳಿ. ನಾಲ್ಕು ಮಾತ್ರೆಯ ಗಣಗಳು ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ಮೂರುಮೂರು, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಐದೈದು. ಒಟ್ಟು 64 ಮಾತ್ರೆ. ವಿಷಮಸ್ಥಾನದಲ್ಲಿ ಜಗಣ ಬರಕೂಡದು. ಆರನೆಯ ಸ್ಥಾನದಲ್ಲಿ ಜಗಣವೋ ಸರ್ವಲಘುವೋ ಬಂದೇ ತೀರಬೇಕು. ಇದರ ಮೇಲೆ ಎರಡನೆಯ ಅಕ್ಷರಕ್ಕೆ ಪ್ರಾಸದ ಕಟ್ಟು ಬೇರೆ. ಲಿಪಿಕಾರನು ಒಂದು ಒತ್ತಕ್ಷರವನ್ನು ಬಿಟ್ಟನೋ, ಹಿಂದಿನ ಗುರು ಲಘುವಾಗಿ ಮಾತ್ರೆ ಒಂದು ಕಡಮೆಯಾಗುತ್ತದೆ. ದೀರ್ಘವನ್ನು ಹ್ರಸ್ವ ಮಾಡಿದನೋ, ಲೆಕ್ಕ ತಪ್ಪುತ್ತದೆ. ಓದುವವನಿಗೆ ಅರ್ಥ ತಿಳಿಯದಿದ್ದರೂ ಬೆರಳೆಣಿಸಿ “ಇಲ್ಲಿ ಏನೋ ಕೆಟ್ಟಿದೆ” ಎಂದು ಹೇಳಬಹುದು. ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ಹೊರತಂದ ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕ ಇಂಥ ದೋಷಗಳನ್ನು ಹುಡುಕಿ ತಿದ್ದುವ ಕೆಲಸವನ್ನೇ ಒಂದು ಶಾಸ್ತ್ರವಾಗಿ ನಮ್ಮ ಮುಂದಿಟ್ಟಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಛಂದಸ್ಸು ಕವಿಗೆ ಅಲಂಕಾರವಾಗಿದ್ದಿರಬಹುದು. ಕವಿ ಕಣ್ಮರೆಯಾದ ಮೇಲೆ ಅದು ಕಾವಲಾಯಿತು. ಕವಿಯನ್ನು ಕಾಣದವನೂ, ಕಾವ್ಯವನ್ನು ಪೂರ್ತಿ ಅರಿಯದವನೂ, ಅದನ್ನು ಮುಟ್ಟುವಾಗ ಎಲ್ಲಿ ಕೆಡಿಸಿದೆನೆಂದು ತಿಳಿಯುವಂತೆ ಅದು ಒಳಗೇ ಕುಳಿತು ಕಾಯಿತು. ನಮ್ಮ ಪಾಠಶಾಲೆಗಳಲ್ಲಿ ವೇದವನ್ನು ಪದ, ಕ್ರಮ, ಜಟೆ, ಘನ ಎಂದು ಹಿಂದೆ ಮುಂದೆ ಹೆಣೆದು ಹೇಳಿಸುವುದರಲ್ಲಿಯೂ ಇದೇ ಜಾಣತನವಿದೆ. ಒಂದೇ ಮಾತು ಹಲವು ಹೆಣಿಗೆಗಳಲ್ಲಿ ಮರಳಿ ಬರುವಾಗ ಒಂದು ಕಡೆಯ ತಪ್ಪು ಇನ್ನೊಂದು ಕಡೆ ಎದ್ದು ಕಾಣುತ್ತದೆ.

ಇನ್ನು ಯಂತ್ರದ ಕಥೆಗೆ ಬರೋಣ. 1949ರ ಮೇ 6ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ‘ಎಡ್ಸ್ಯಾಕ್’ ಎಂಬ ಗಣಕ ತನ್ನ ಮೊದಲನೆಯ ಲೆಕ್ಕವನ್ನು ಮಾಡಿತು. ಅದನ್ನು ಕಟ್ಟಿಸಿದ ಮೌರಿಸ್ ವಿಲ್ಕ್ಸ್ ಅವರು ಮುಂದೆ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗವನ್ನು ನೆನೆದಿದ್ದಾರೆ. ಆ ದಿನಗಳಲ್ಲೊಮ್ಮೆ ಗಣಕದ ಕೋಣೆಗೂ ರಂಧ್ರಪಟ್ಟಿ ಕೊರೆಯುವ ಸ್ಥಳಕ್ಕೂ ನಡುವಿನ ಮೆಟ್ಟಿಲಲ್ಲಿ ಓಡಾಡುತ್ತಿದ್ದಾಗ, ತಮ್ಮ ಉಳಿದ ಆಯುಷ್ಯದ ದೊಡ್ಡ ಪಾಲು ತಾವೇ ಬರೆದ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲಿ ಕಳೆಯಲಿದೆ ಎಂಬ ಅರಿವು ಅವರಿಗೆ ಥಟ್ಟನೆ ಹೊಳೆಯಿತಂತೆ. ಯಂತ್ರ ತಪ್ಪದೆ ನಡೆದರೂ ಅದಕ್ಕೆ ಆಜ್ಞೆ ಬರೆಯುವ ಮನುಷ್ಯ ತಪ್ಪುತ್ತಾನೆ. ಈ ವಿದ್ಯೆಗೆ ಸಿಕ್ಕ ಮೊದಲನೆಯ ಪಾಠ ಇದು.

ಎರಡನೆಯ ಪಾಠ ತಿಳಿಯಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಅಮೆರಿಕದ ಫ್ರೆಡ್ ಬ್ರೂಕ್ಸ್ ಅವರು 1975ರಲ್ಲಿ ಬರೆದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪುಸ್ತಕದಲ್ಲಿ ಒಂದು ಅಂದಾಜನ್ನು ಕೊಟ್ಟರು. ಒಂದು ದೋಷವನ್ನು ತಿದ್ದಿದಾಗ ಇನ್ನೊಂದು ಹೊಸ ದೋಷ ನುಸುಳುವ ಸಂಭವ ನೂರಕ್ಕೆ 20ರಿಂದ 50ರವರೆಗೆ ಇರುತ್ತದೆ ಎಂಬುದು ಅದರ ಸಾರ. ಆದುದರಿಂದ ತಿದ್ದಿದ ಪ್ರತಿಸಲವೂ ಹಿಂದೆ ಮಾಡಿದ್ದ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಬೇಕು. ಹಾಗೆ ಮಾಡುವುದು ಬಲು ದುಬಾರಿ ಎಂದೂ ಅವರು ಒಪ್ಪಿಕೊಂಡರು. ಸೋರುವ ಮಾಡಿನ ಮೇಲೆ ಹತ್ತಿ ಒಂದು ಹಂಚನ್ನು ಸರಿಮಾಡುವಾಗ ಕಾಲಡಿಯಲ್ಲಿ ಎರಡು ಹಂಚು ಒಡೆಯುವುದನ್ನು ಕಂಡ ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದುಬಾರಿಯೇಕೆಂದರೆ, ಮನುಷ್ಯನಿಗೆ ಬೇಸರ ಬರುತ್ತದೆ. ಹತ್ತನೆಯ ಸಲ ಅದೇ ಲೆಕ್ಕವನ್ನು ತಾಳೆ ನೋಡುವವನ ಕಣ್ಣು ಹನ್ನೊಂದನೆಯ ಸಲ ಜಾರುತ್ತದೆ. ಬೇಸರವಿಲ್ಲದ ಯಂತ್ರವೇ ಎದುರಿಗಿರುವಾಗ ಈ ಚಾಕರಿಯನ್ನು ಅದಕ್ಕೇ ಏಕೆ ಒಪ್ಪಿಸಬಾರದು? ಕೆಂಟ್ ಬೆಕ್ ಎಂಬ ಅಮೆರಿಕದ ತಂತ್ರಜ್ಞರು ‘ಸ್ಮಾಲ್‌ಟಾಕ್’ ಎಂಬ ಗಣಕಭಾಷೆಗೆ ಇಂಥದೊಂದು ಸರಳವಾದ ಸಲಕರಣೆಯನ್ನು ಮಾಡಿ 1994ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. 1997ರಲ್ಲಿ ಅವರು ಸ್ವಿಟ್ಸರ್ಲೆಂಡಿನ ಎರಿಕ್ ಗಾಮಾ ಅವರೊಡನೆ ಜೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವಾಗ ವಿಮಾನದಲ್ಲಿಯೇ ಕುಳಿತು ‘ಜಾವಾ’ ಭಾಷೆಗೆ ಅದೇ ಬಗೆಯ ಸಲಕರಣೆಯನ್ನು ಬರೆದರು. ಅದಕ್ಕೆ ‘ಜೆಯೂನಿಟ್’ ಎಂದು ಹೆಸರು. ಮುಂದಿನ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಮೆ ಎಲ್ಲ ಗಣಕಭಾಷೆಗಳಿಗೂ ಅದರ ತಮ್ಮಂದಿರು ಹುಟ್ಟಿಕೊಂಡರು.

ಅದು ಕೆಲಸ ಮಾಡುವ ಬಗೆ ಕಷ್ಟದ್ದಲ್ಲ. ಒಂದು ಅಡಿಕೆ ಸಂಘದ ಲೆಕ್ಕದ ತಂತ್ರಾಂಶವಿದೆಯೆಂದು ಭಾವಿಸಿ. ಕ್ವಿಂಟಾಲಿಗೆ 40,000 ರೂಪಾಯಿ ದರದಂತೆ ಎರಡೂವರೆ ಕ್ವಿಂಟಾಲಿಗೆ 1,00,000 ರೂಪಾಯಿ ಬರಬೇಕು. ತೂಕ ಸೊನ್ನೆಯಾದರೆ ಹಣವೂ ಸೊನ್ನೆಯಾಗಬೇಕು. ತೂಕದ ಕಡೆ ಅಂಕಿಯ ಬದಲು ಅಕ್ಷರ ಬಂದರೆ ಲೆಕ್ಕ ಮಾಡದೆ ನಿಲ್ಲಬೇಕು. ಇಂಥ ಪ್ರಶ್ನೆಗಳನ್ನೂ ಅವುಗಳ ಸರಿಯುತ್ತರಗಳನ್ನೂ ಮೊದಲೇ ಬರೆದಿಡುತ್ತಾರೆ. ಮುಂದೆ ಯಾರೋ ಒಬ್ಬರು ಹಮಾಲಿಯ ದರವನ್ನೋ ತೆರಿಗೆಯನ್ನೋ ಸೇರಿಸಲು ತಂತ್ರಾಂಶವನ್ನು ತಿದ್ದಿದರೆ, ತಿದ್ದಿದ ಒಡನೆಯೇ ಯಂತ್ರವು ಆ ನೂರಾರು ಪ್ರಶ್ನೆಗಳನ್ನು ತಾನೇ ಕೇಳಿ, ಬಂದ ಉತ್ತರವನ್ನು ಬರೆದಿಟ್ಟ ಉತ್ತರದೊಡನೆ ತಾಳೆ ಹಾಕಿ, ಹೊಂದದಿದ್ದಲ್ಲಿ ಬೆರಳಿಟ್ಟು ತೋರಿಸುತ್ತದೆ. ಬೆರಳೆಣಿಸಿ ಮಾತ್ರೆ ನೋಡುವ ಕೆಲಸವೇ ಇದು. ಬೆರಳು ಯಂತ್ರದ್ದು, ಅಷ್ಟೆ.

ಇದೆಲ್ಲ ಎಲ್ಲೋ ದೂರದ ವ್ಯಾಪಾರಿಗಳ ವಿಷಯವೆಂದು ವಾಚಕರು ಭಾವಿಸಬಾರದು. ನಮ್ಮ ಕೈಫೋನಿನಲ್ಲಿ ಕಾಣುವ ಕನ್ನಡದ ಪ್ರತಿಯೊಂದು ಒತ್ತಕ್ಷರವೂ ಈ ಕಾವಲಿನ ಒಳಗೇ ಬದುಕಿದೆ.

ಗಣಕದಲ್ಲಿ ಕನ್ನಡದ ಮೊದಲ ದಿನಗಳನ್ನು ಬಲ್ಲವರಿಗೆ ಆ ಪಾಡು ನೆನಪಿರಬಹುದು. ಒಬ್ಬರು ಒಂದು ಅಕ್ಷರಶೈಲಿಯಲ್ಲಿ ಬರೆದದ್ದು ಇನ್ನೊಬ್ಬರ ಗಣಕದಲ್ಲಿ ಅರ್ಥವಿಲ್ಲದ ಗೆರೆಗಳಾಗಿ ಕಾಣುತ್ತಿತ್ತು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವು ಬೆರಳಿಗೆ ಕನ್ನಡ ಬರಿಸಿದುವು. ಪ್ರತಿಯೊಂದು ಅಕ್ಷರಕ್ಕೂ ಲೋಕದಲ್ಲೆಲ್ಲ ಒಂದೇ ಸಂಖ್ಯೆ ಇರಬೇಕೆಂಬ ಯೂನಿಕೋಡ್ ಪಟ್ಟಿ 1991ರಲ್ಲಿ ಬಂದಾಗ ಅದರಲ್ಲಿ ಕನ್ನಡಕ್ಕೂ 128 ಮನೆಗಳು ದೊರೆತುವು. ಆದರೆ ಸಂಖ್ಯೆ ಸಿಕ್ಕಿದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ‘ಸ’, ‘ತ’, ‘ರ’ಗಳನ್ನು ಒಂದರ ಕೆಳಗೊಂದು ಕೂರಿಸಿ ‘ಸ್ತ್ರೀ’ ಎಂದು ಕಟ್ಟುವುದು, ‘ಸೂರ್ಯ’ದ ರಕಾರವನ್ನು ಅರ್ಕಾವತ್ತಾಗಿ ಬಲಕ್ಕೆ ಸರಿಸುವುದು, ‘ರ‍್ಯಾಂಕ್’ ಎಂಬಲ್ಲಿ ಮಾತ್ರ ಅದೇ ರಕಾರವನ್ನು ತನ್ನ ಸ್ಥಾನದಲ್ಲಿಯೇ ಉಳಿಸುವುದು, ಇದಕ್ಕೆಲ್ಲ ಅಕ್ಷರ ಜೋಡಿಸುವ ತಂತ್ರಾಂಶವೊಂದು ಬೇಕು.

ಇಂದು ಆ ಕೆಲಸವನ್ನು ಬಹುಪಾಲು ಮಾಡುತ್ತಿರುವುದು ‘ಹಾರ್ಫ್‌ಬಜ್’ ಎಂಬ ಹೆಸರಿನ, ಎಲ್ಲರಿಗೂ ಉಚಿತವಾದ ತಂತ್ರಾಂಶ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಫೋನುಗಳು, ಇವೆಲ್ಲ ಅದನ್ನೇ ಬಳಸುತ್ತವೆ. ಅದರ ಮುಖ್ಯ ಶಿಲ್ಪಿ ಬೆಹ್‌ದಾದ್ ಎಸ್ಫಾಬೋದ್ ಇರಾನಿನಲ್ಲಿ ಹುಟ್ಟಿದವರು. 2012ರ ಸುಮಾರಿಗೆ ಅವರು ಭಾರತದ ಲಿಪಿಗಳ ಭಾಗವನ್ನು ಹೊಸದಾಗಿ ಬರೆಯುವಾಗ ಎದುರಾದ ಪ್ರಶ್ನೆ ಇದು: ಹತ್ತು ಲಿಪಿಗಳ ಒಳಗುಟ್ಟನ್ನು ಹುಟ್ಟಿನಿಂದ ಬಲ್ಲವರಲ್ಲದವರು, ತಾವು ಕಟ್ಟಿದ ಒತ್ತಕ್ಷರ ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ?

ಅವರು ಹಿಡಿದ ಉಪಾಯವನ್ನು ಕೇಳಿದರೆ ಗ್ರಂಥಸಂಪಾದಕರು ತಲೆದೂಗಿಯಾರು. ಆಯಾ ಭಾಷೆಯ ವಿಕಿಪೀಡಿಯಾದಿಂದ ಪದಗಳನ್ನೆಲ್ಲ ಹೆಕ್ಕಿ ತೆಗೆದರು. ಕನ್ನಡದ ಪಾಲಿಗೆ ಒಂಬತ್ತು ಲಕ್ಷಕ್ಕೂ ಮಿಕ್ಕ ಪದರೂಪಗಳು ಸಿಕ್ಕಿದುವು. ಪ್ರತಿಯೊಂದನ್ನೂ ತಮ್ಮ ತಂತ್ರಾಂಶದಿಂದಲೂ, ಮೈಕ್ರೋಸಾಫ್ಟ್ ಸಂಸ್ಥೆಯ ‘ಯೂನಿಸ್ಕ್ರೈಬ್’ ಎಂಬ ಹಳೆಯ ತಂತ್ರಾಂಶದಿಂದಲೂ ಜೋಡಿಸಿ, ಎರಡನ್ನೂ ಯಂತ್ರದಿಂದಲೇ ತಾಳೆ ಹಾಕಿಸಿದರು. ಎಲ್ಲಿ ಭೇದ ಬಂತೋ ಅಲ್ಲಿ ಕಾರಣ ಹುಡುಕಿ ತಿದ್ದಿದರು. ತಿದ್ದಿದ ಮೇಲೆ ಪುನಃ ಲಕ್ಷಾಂತರ ಪದಗಳ ಪರೀಕ್ಷೆ. ಕಡೆಗೆ ಕನ್ನಡದಲ್ಲಿ ಹೊಂದದೆ ಉಳಿದವು ಸಾವಿರಕ್ಕೂ ಕಡಮೆ. ಬೇರೆಬೇರೆ ಲಿಪಿಗಳಲ್ಲಿ ಹಾಗೆ ಉಳಿದ ಭೇದಗಳೆಲ್ಲ ಹೊಸದರ ತಪ್ಪೇನೂ ಅಲ್ಲ; ಹಳೆಯದೇ ತಪ್ಪಿದ್ದ ಕಡೆಗಳೂ ಇದ್ದುವು. ಪಾಠಾಂತರವೆಲ್ಲ ಅಪಪಾಠವಲ್ಲ ಎಂದು ನಾವು ತರಗತಿಯಲ್ಲಿ ಹೇಳುವುದಿಲ್ಲವೇ? ಅದೇ ವಿವೇಕ ಇಲ್ಲಿಯೂ ಬೇಕಾಯಿತು.

ಕನ್ನಡ ವಿಕಿಪೀಡಿಯಾ ಪ್ರಾರಂಭವಾದದ್ದು 2003ರಲ್ಲಿ. ಸಂಬಳವಿಲ್ಲದೆ, ಹೆಸರಿನ ಹಂಬಲವಿಲ್ಲದೆ ಕೆಲವು ಕನ್ನಡಿಗರು ತಮಗೆ ತಿಳಿದುದನ್ನು ಅಲ್ಲಿ ಬರೆಯುತ್ತ ಬಂದರು. ತಾವು ಬರೆದ ‘ಸ್ವಾತಂತ್ರ್ಯ’, ‘ಕರ್ತೃ’, ‘ಲಕ್ಷ್ಮಿ’ಗಳಂಥ ಪದಗಳು ಒಂದು ದಿನ ಇಡೀ ಲೋಕದ ಕನ್ನಡದ ಅಕ್ಷರಗಳಿಗೆ ಒರೆಗಲ್ಲಾಗುವುವೆಂದು ಅವರು ಎಣಿಸಿರಲಾರರು. ಬರೆದಿಟ್ಟದ್ದು ಇತ್ತು, ಆದುದರಿಂದ ಪರೀಕ್ಷೆ ಸಾಧ್ಯವಾಯಿತು. ಬರೆದಿಡದ ಭಾಷೆಗೆ ಈ ಕಾವಲು ಎಲ್ಲಿಂದ ಬಂದೀತು?

ಕಾವಲು ತಪ್ಪಿದರೆ ಏನಾಗುತ್ತದೆಂಬುದಕ್ಕೆ ನೆರೆಮನೆಯ ನಿದರ್ಶನವಿದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಅಕ್ಷರ, ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಕೊಂಡ ರೂಪದಲ್ಲಿ ಬಂದಾಗ, ಆಪಲ್ ಕಂಪನಿಯ ಐಫೋನಿನ ಸಂದೇಶದ ಕಿಂಡಿ ಕುಸಿದು ಬೀಳುತ್ತಿತ್ತು. ಲೋಕದ ಕಿಡಿಗೇಡಿಗಳೆಲ್ಲ ಆ ಒಂದು ಅಕ್ಷರವನ್ನು ಸ್ನೇಹಿತರ ಫೋನಿಗೆ ಕಳಿಸಿ ಚೇಷ್ಟೆ ಮಾಡಿದರು. ಕಂಪನಿಯು ಫೆಬ್ರವರಿ 19ರಂದು ತಿದ್ದುಪಡಿ ಹೊರಡಿಸಿತು. ಕೋಟಿಗಟ್ಟಲೆ ಜನ ಆಡುವ ನುಡಿಯ ಜ್ಞಾನವಾಚಕ ಅಕ್ಷರವೇ ಕೆಲವು ದಿನ ಜಗತ್ತಿಗೆ ವಿಷದ ಗುಳಿಗೆಯಂತೆ ತೋರಿತು.

ಹೀಗೆಂದ ಮಾತ್ರಕ್ಕೆ ಪರೀಕ್ಷೆ ಸರ್ವಜ್ಞವೆಂದು ತಿಳಿಯಬಾರದು. ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ 1969ರಲ್ಲಿ ರೋಮ್‌ನ ಸಮ್ಮೇಳನವೊಂದರಲ್ಲಿಯೇ ಎಚ್ಚರಿಸಿದ್ದರು: ಪರೀಕ್ಷೆಯು ತಪ್ಪು ಇದೆಯೆಂಬುದನ್ನು ತೋರಿಸಬಲ್ಲುದೇ ಹೊರತು ಇಲ್ಲವೆಂಬುದನ್ನಲ್ಲ. ಛಂದಸ್ಸಿನ ಉದಾಹರಣೆಯೇ ಇದನ್ನು ವಿಶದಪಡಿಸುತ್ತದೆ. ‘ಕಮಲ’ ಎಂದಿದ್ದ ಕಡೆ ಲಿಪಿಕಾರನು ‘ಕುಮುದ’ ಎಂದು ಬರೆದನೆನ್ನಿ. ಅಲ್ಲಿಯೂ ಮೂರು ಲಘು, ಇಲ್ಲಿಯೂ ಮೂರು ಲಘು. ಪ್ರಾಸಸ್ಥಾನದಲ್ಲಿ ಅಲ್ಲಿಯೂ ಮಕಾರ, ಇಲ್ಲಿಯೂ ಮಕಾರ. ಲೆಕ್ಕವೆಲ್ಲ ಸರಿ, ಆದರೆ ಬಿಸಿಲಿಗೆ ಅರಳುವ ಹೂ ಹೋಗಿ ಬೆಳುದಿಂಗಳಿಗೆ ಅರಳುವ ಹೂ ಬಂದುಕೂತಿತು! ಹಗಲು ರಾತ್ರಿಯಾದದ್ದು ಬೆರಳೆಣಿಕೆಗೆ ಸಿಕ್ಕುವುದಿಲ್ಲ. ಕಾವ್ಯ ಬಲ್ಲವನಿಗೆ ಮಾತ್ರ ಸಿಕ್ಕೀತು.

ಪರೀಕ್ಷೆ ಕೇಳದ ಪ್ರಶ್ನೆಗೆ ಉತ್ತರ ಬರುವುದಿಲ್ಲ ಎಂಬುದಕ್ಕೆ ಯುರೋಪು ದೊಡ್ಡ ಬೆಲೆ ತೆತ್ತಿತು. 1996ರ ಜೂನ್ 4ರಂದು ‘ಆರಿಯಾನ್ 5’ ಎಂಬ ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿಯೇ ಸುಮಾರು 40 ಸೆಕೆಂಡಿನಲ್ಲಿ ದಿಕ್ಕು ತಪ್ಪಿ ಸಿಡಿಯಿತು. ಅದರ ದಿಕ್ಕು ಅಳೆಯುವ ತಂತ್ರಾಂಶ ಹಿಂದಿನ ‘ಆರಿಯಾನ್ 4’ರಿಂದ ಬಂದದ್ದು, ಅಲ್ಲಿ ನಿರ್ದುಷ್ಟವಾಗಿ ನಡೆದದ್ದು. ಹೊಸ ರಾಕೆಟ್ಟಿನ ವೇಗ ಹೆಚ್ಚು. ಆ ವೇಗದ ಸಂಖ್ಯೆ ಹಳೆಯ ತಂತ್ರಾಂಶ ಇಟ್ಟಿದ್ದ ಕಿರಿದಾದ ಮನೆಯಲ್ಲಿ ಹಿಡಿಯದೆ ಹೋಯಿತು. ಹೊಸ ಹಾರಾಟದ ದಾರಿಯ ಅಂಕಿಗಳನ್ನು ಕೊಟ್ಟು ಆ ಭಾಗವನ್ನು ಯಾರೂ ಪರೀಕ್ಷಿಸಿರಲಿಲ್ಲ. ಹಳೆಯ ಊರಿನಲ್ಲಿ ಸರಿಯಾಗಿದ್ದದ್ದು ಹೊಸ ಊರಿನಲ್ಲಿಯೂ ಸರಿಯೆಂದು ನಂಬಿದ್ದರ ಫಲ ಅದು.

ಕನ್ನಡಕ್ಕೆ ಇನ್ನೂ ಹತ್ತಿರದ ನಿದರ್ಶನವೊಂದು ಯೂನಿಕೋಡ್ ಪಟ್ಟಿಯಲ್ಲಿಯೇ ಇದೆ. ಪಂಪನ ಕಾಲದಲ್ಲಿ ಜೀವಂತವಾಗಿದ್ದು ಮುಂದೆ ಮರೆಯಾದ ‘ೞ’ ಅಕ್ಷರವನ್ನು ಹಳಗನ್ನಡ ಓದಿದವರೆಲ್ಲ ಬಲ್ಲರು. ಅದಕ್ಕೆ ಪಟ್ಟಿಯಲ್ಲಿ ಮನೆ ಸಿಕ್ಕಿತು, ಆಕಾರವೂ ಸರಿಯಾಗಿದೆ. ಆದರೆ ಬಾಗಿಲ ಮೇಲಿನ ಹೆಸರು ಮಾತ್ರ ‘ಕನ್ನಡ ಅಕ್ಷರ ಫ’ ಎಂದು, ಇಂಗ್ಲಿಷಿನ ಎಫ್ ಧ್ವನಿಯ ಹೆಸರಾಗಿ ಬಿದ್ದಿತು! ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ಮಂಡಲಿಯ ನಿಯಮ. ಆದುದರಿಂದ ಹೆಸರು ತಪ್ಪೆಂಬ ಟಿಪ್ಪಣಿಯೂ, ಸರಿಯಾದ ಇನ್ನೊಂದು ಹೆಸರೂ ಪಕ್ಕದಲ್ಲಿ ಸೇರಿದುವು; ತಪ್ಪು ಹೆಸರು ಹಾಗೆಯೇ ಉಳಿಯಿತು. ಯಾವ ಯಂತ್ರವೂ ಈ ತಪ್ಪನ್ನು ಹಿಡಿಯಲಾರದು. ಪಟ್ಟಿ ಗಟ್ಟಿಯಾಗುವ ಮೊದಲು ಹಳಗನ್ನಡ ಬಲ್ಲ ಒಬ್ಬರ ಕಣ್ಣು ಅದರ ಮೇಲೆ ಬಿದ್ದಿದ್ದರೆ ಸಾಕಾಗಿತ್ತು.

ಹಾಗಾದರೆ ಸಿದ್ದಾಪುರದ ಹಿರಿಯರ ಪ್ರಶ್ನೆಗೆ ಉತ್ತರವೇನು? ಯಂತ್ರದಿಂದ ಮಾಡಿಸುವ ಪರೀಕ್ಷೆ ಇಂದಿನ ಕೆಲಸಕ್ಕೆ ಪ್ರಶಸ್ತಿಪತ್ರವಲ್ಲ. ಅದು ಬಲ್ಲವರು ನಾಳೆಯವರಿಗೆ ಬರೆದಿಟ್ಟ ಸಾಕ್ಷಿ: “ಇದು ಹೀಗಿರಬೇಕೆಂದು ನಾವು ಬಲ್ಲೆವು, ನೀವು ಬೇಕಾದುದನ್ನು ತಿದ್ದಿ, ಆದರೆ ಇದು ಕೆಟ್ಟರೆ ನಿಮಗೆ ತಿಳಿಯಲಿ.” ಆ ಸಾಕ್ಷಿ ಇದ್ದಲ್ಲಿ ತಿದ್ದುವವನಿಗೆ ಧೈರ್ಯ ಬರುತ್ತದೆ. ಇಲ್ಲದಲ್ಲಿ ಎರಡೇ ಗತಿ: ಕೆಟ್ಟೀತೆಂಬ ಭಯದಿಂದ ಯಾರೂ ಮುಟ್ಟದೆ ಅದು ಹಳತಾಗಿ ಸಾಯುತ್ತದೆ, ಇಲ್ಲವೇ ಮುಟ್ಟಿದವರು ಅರಿಯದೆ ಅದನ್ನು ಕೆಡಿಸುತ್ತಾರೆ. ದೊಡ್ಡ ತಂತ್ರಾಂಶಗಳಿಗೂ ಹಳೆಯ ಕಾವ್ಯಗಳಿಗೂ ಇದು ಸಮಾನವಾದ ಧರ್ಮ.

ನಮ್ಮ ಭಾಷೆಯ ಅಕ್ಷರಗಳನ್ನು ಪರದೆಯ ಮೇಲೆ ಕಟ್ಟುವ ತಂತ್ರಾಂಶವನ್ನು ತಿದ್ದುವವರಲ್ಲಿ ಕನ್ನಡ ಅರಿಯದವರೂ ಇದ್ದಾರೆ, ಮುಂದೆಯೂ ಇರುತ್ತಾರೆ. ಅವರಲ್ಲಿ ದ್ವೇಷವಿಲ್ಲ, ಅಸಡ್ಡೆಯೂ ಇಲ್ಲ. ಅವರ ಎದುರಿಗೆ ನಾವು ಇಲ್ಲ, ಅಷ್ಟೆ. ನಮ್ಮ ಪರವಾಗಿ ಅಲ್ಲಿ ಮಾತಾಡುವುದು ನಾವು ಬರೆದಿಟ್ಟ ಪರೀಕ್ಷೆಗಳು ಮಾತ್ರ. ‘ಱ’, ‘ೞ’ಗಳುಳ್ಳ ಹಳಗನ್ನಡದ ಪದಗಳು, ಮೂರು ಮೂರು ವ್ಯಂಜನ ಕೂಡಿದ ಒತ್ತುಗಳು, ಹವ್ಯಕರ ಮಾತಿನಲ್ಲಿಯೂ ಯಕ್ಷಗಾನದ ಪ್ರಸಂಗಗಳಲ್ಲಿಯೂ ಬರುವ ರೂಪಗಳು, ಇವನ್ನು ಸರಿರೂಪದೊಡನೆ ಪಟ್ಟಿ ಮಾಡಿಕೊಡಲು ಗಣಕಶಾಸ್ತ್ರ ಬೇಕಾಗಿಲ್ಲ, ಕನ್ನಡ ಬಂದರೆ ಸಾಕು. ಪಟ್ಟಿಯನ್ನು ಯಂತ್ರಕ್ಕೆ ಉಣಿಸಬಲ್ಲ ತರುಣರು ಇಂದು ಯಲ್ಲಾಪುರದ ಹಳ್ಳಿಯ ಮನೆಯಲ್ಲಿಯೂ ಸಿಕ್ಕುತ್ತಾರೆ. ಅಧ್ಯಾಪಕರಾದ ನಾವು ಪದವನ್ನು ಕೊಡಬೇಕು, ಅವರು ಬೆರಳನ್ನು ಕೊಡಬೇಕು. ಸಿದ್ದಾಪುರದ ಭುವನಗಿರಿಯಲ್ಲಿ ಕನ್ನಡದ ತಾಯಿಗೆ ಗುಡಿಯಿದೆ, ಪೂಜೆಗೆ ಕೊರತೆಯಿಲ್ಲ. ಅವಳ ಅಕ್ಷರಗಳಿಗೆ ಬೇಕಾದುದು ಕಾವಲಿನವರು.